ಹೆದರಿದವರಿಗೆ ಕಾರು ಕಲಿಸಿದವರು

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಮನೆಯಲ್ಲಿ ಆ ಹೆಸರು ಈಗಾಗಲೇ ಸಾಕಷ್ಟು ಓಡಾಡಿದೆ. ಊಟಕ್ಕೆ ಕೂತಾಗ, ಬಟ್ಟೆ ಮಡಚುವಾಗ, ಟಿವಿಯಲ್ಲಿ ಯಾರೋ ಕಾರು ತಿರುಗಿಸುವಾಗ. "ಅಕ್ಕ ಇದ್ದಿದ್ರೆ ನಗ್ತಿದ್ರು", "ಅಕ್ಕ ಇದಕ್ಕೆ ಬೇರೆ ಹೇಳ್ತಾರೆ". ನನ್ನ ಹೆಂಡತಿಗೆ ಒಡಹುಟ್ಟಿದ ಅಕ್ಕಂದಿರು ಇಬ್ಬರಿದ್ದಾರೆ. ಅವರು ಯಾವತ್ತೂ ನಮ್ಮ ಊಟದ ನಡುವೆ ಹೀಗೆ ಬಂದು ಕೂತವರಲ್ಲ.

ಕಳೆದ ತಿಂಗಳು ಅವರು ಕಾರು ಕಲಿಸುವುದನ್ನು ನಿಲ್ಲಿಸಿದರು. ಮೊಣಕಾಲು ಬಗ್ಗುವುದಿಲ್ಲವಂತೆ. ಬೇಕಾದಾಗ ಬ್ರೇಕ್ ತುಳಿಯಲು ಆಗದವಳು ಇನ್ನೊಬ್ಬರ ಪಕ್ಕದಲ್ಲಿ ಕೂರುವುದು ಮೋಸ ಎಂದರಂತೆ. ಅದನ್ನು ಹೇಳಿದ್ದು ಹೆಂಡತಿ. ಆಮೇಲೆ ಹೇಳಿದಳು:

"ನೀವು ಎಂತೆಂತದೋ ಬರೀತೀರಲ್ಲ. ಅವರ ಬಗ್ಗೆ ಬರೀರಿ."

"ಎಂತ ಬರೀಲಿ?"

"ಇದ್ದದ್ದು."

ಇದ್ದದ್ದು! ಮೊದಲ ಭೇಟಿಯನ್ನೇ ಮೂರು ಸಲ ಬರೆದು ಹರಿದೆ. ಒಂದರಲ್ಲಿ ಅವರು ಕಾಪುವಿನ ಕಡಲ ಬದಿಯ ರಸ್ತೆಯಲ್ಲಿ ಕಾರಿಗೆ ಒರಗಿ ನಿಂತಿದ್ದಾರೆ. ಇನ್ನೊಂದರಲ್ಲಿ ಉಡುಪಿಯ ನಮ್ಮ ಮನೆಯ ಗೇಟಿನ ಮುಂದೆ ಹಾರ್ನ್ ಹಾಕದೆ ಕಾಯುತ್ತಿದ್ದಾರೆ. ಮತ್ತೊಂದರಲ್ಲಿ ನಮ್ಮ ಜಗಲಿಯಲ್ಲಿ ಕೂತು ನೀರು ಕುಡಿಯುತ್ತಿದ್ದಾರೆ. ಮೂರರಲ್ಲೂ ಅವರು ನನಗಿಂತ ಗಿಡ್ಡ. ಹೆಂಡತಿ ಓದಿ, "ಅವರು ನಿಮಗಿಂತ ಎರಡು ಬೆರಳು ಎತ್ತರ ಮಾರಾಯ್ರೇ" ಎಂದಳು. ಅವರ ಸ್ವರವನ್ನೂ ನಾನು ಒರಟು ಮಾಡಿದ್ದೆನಂತೆ. ಹಾಗಾಗಿ ಓದುವವರು ಎಚ್ಚರದಿಂದಿರಬೇಕು. ಈ ಚಿತ್ರವನ್ನು ಬರೆಯುತ್ತಿರುವ ಕೈ ಅಷ್ಟು ಒಳ್ಳೆಯದಲ್ಲ. ಸಾಲದ್ದಕ್ಕೆ ನಾವು ಆಡಿದ್ದು ಅರ್ಧ ತುಳು, ಅರ್ಧ ಕನ್ನಡ. ಯಾವ ಮಾತು ಯಾವುದರಲ್ಲಿತ್ತು ಎಂಬುದು ಮರೆತುಹೋಗಿದೆ. ಇಲ್ಲಿ ಎಲ್ಲರೂ ಕನ್ನಡದಲ್ಲೇ ಮಾತಾಡುತ್ತಾರೆ.

ತಕರಾರಿಲ್ಲದ ಸಂಗತಿಗಳು ಇಷ್ಟು. ಅವರು ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ಹಾಕುತ್ತಿದ್ದರು. ಕಾರು ಹತ್ತಿದ ಕೂಡಲೇ ಚಪ್ಪಲಿ ತೆಗೆದು ಸೀಟಿನ ಕೆಳಗೆ ತಳ್ಳುತ್ತಿದ್ದರು. ಕಾರು ಹಳೆಯದು, ಸಣ್ಣದು. ಕಲಿಸುವವರ ಕಡೆಗೂ ಒಂದು ಬ್ರೇಕು, ಒಂದು ಕ್ಲಚ್ಚು ಇತ್ತು. ಮನೆ ಎರ್ಮಾಳಿನಲ್ಲಿ. ಅಣ್ಣಂದಿರು ದೋಣಿಯವರು. ಮದುವೆಯಾಗಿ ಕೆಲವು ವರ್ಷಗಳಲ್ಲೇ ಗಂಡ ತೀರಿಕೊಂಡ ಮೇಲೆ ಮಲ್ಪೆಯಿಂದ ಕಾರ್ಕಳದ ಮಾರ್ಕೆಟ್ಟಿಗೆ ಮೀನಿನ ಟೆಂಪೊ ಓಡಿಸಿದರು. ಆಮೇಲೆ ಹೆಂಗಸರಿಗೆ ಕಾರು ಕಲಿಸಲು ಹಿಡಿದರು. ಅವರ ಹತ್ತಿರ ಬರುತ್ತಿದ್ದವರು ಹೆಚ್ಚಾಗಿ, ಬೇರೆ ಡ್ರೈವಿಂಗ್ ಸ್ಕೂಲಿನವರು "ಇವರಿಗೆ ಆಗ್ಲಿಕ್ಕಿಲ್ಲ" ಎಂದು ಕೈಬಿಟ್ಟವರು. ಹೆದರಿದವರು.

ಹೆದರಿಕೆ ನನ್ನ ವಿಷಯ. ಮಣಿಪಾಲದ ಒಂದು ಕಾಲೇಜಿನಲ್ಲಿ ನರ್ಸಿಂಗ್ ಓದುವವರಿಗೆ ಶರೀರಶಾಸ್ತ್ರ ಕಲಿಸುತ್ತೇನೆ. ಭಯವಾದಾಗ ದೇಹದಲ್ಲಿ ಏನಾಗುತ್ತದೆ ಎಂಬ ಪಾಠವನ್ನು ಪುಸ್ತಕ ನೋಡದೆ ಮಾಡಬಲ್ಲೆ. ಮೆದುಳು ಅಪಾಯವೆಂದು ಕೂಗುತ್ತದೆ, ಅಡ್ರಿನಲಿನ್ ರಕ್ತಕ್ಕೆ ಇಳಿಯುತ್ತದೆ, ಎದೆ ಬಡಿತ ಏರುತ್ತದೆ, ಹೊಟ್ಟೆಯ ಕಡೆಗೆ ಹೋಗುವ ರಕ್ತ ತೊಡೆಗಳಿಗೆ ತಿರುಗುತ್ತದೆ, ಬಾಯಿ ಒಣಗುತ್ತದೆ, ಉಸಿರು ಮೇಲೆ ಮೇಲೆ ಬರುತ್ತದೆ. ಎಲ್ಲವೂ ಓಡುವುದಕ್ಕೆ ತಯಾರಿ. ತೊಂದರೆ ಏನೆಂದರೆ, ಓಡಲು ತಯಾರಾದ ದೇಹ ಎಷ್ಟೋ ಸಲ ಸುಮ್ಮನೆ ಕೂತಿರುತ್ತದೆ. ಬಸ್ಸಿನಲ್ಲಿ, ಉದಾಹರಣೆಗೆ.

ನನ್ನ ಹೆಂಡತಿ ಕಾರ್ಕಳದ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ದಿನಾ ಬಸ್ಸು. ಒಂದು ಬೆಳಿಗ್ಗೆ ಹಿರಿಯಡಕ ದಾಟಿದ ಮೇಲೆ ಅವಳಿಗೆ ಎದೆ ಹೊಡೆದುಕೊಳ್ಳಲು ಶುರುವಾಯಿತು. ಬೆರಳುಗಳಲ್ಲಿ ಜುಮುಜುಮು, ಎಷ್ಟು ಎಳೆದರೂ ಸಾಲದ ಉಸಿರು. ಸಾಯುತ್ತಿದ್ದೇನೆ ಎನಿಸಿ ನಡುದಾರಿಯಲ್ಲಿ ಇಳಿದಳು. ಆಸ್ಪತ್ರೆಯಲ್ಲಿ ಇಸಿಜಿ ಸರಿ ಇತ್ತು, ರಕ್ತ ಸರಿ ಇತ್ತು. ಪ್ಯಾನಿಕ್ ಎಂದರು. ಮಾತ್ರೆ ಕೊಟ್ಟರು, ಕೌನ್ಸೆಲಿಂಗಿಗೆ ಕಳಿಸಿದರು. ಎರಡರಿಂದಲೂ ಸ್ವಲ್ಪ ಗುಣವಾಯಿತು. ರಾತ್ರಿ ನಿದ್ದೆ ಬಂತು, ಅಂಗಡಿಗೆ ಹೋಗಿ ಬರುವಷ್ಟಾಯಿತು. ಬಸ್ಸು ಮಾತ್ರ ಆಗಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ "ಕಾರ್ಕಳ ಕಾರ್ಕಳ" ಎಂದು ಕೂಗುವುದು ಕೇಳಿದರೂ ಮುಖ ಬಿಳಿಚುತ್ತಿತ್ತು. ರಜೆ ಹಾಕಿದಳು. ದಸರಾ ರಜೆ ಮುಗಿಯುವವರೆಗೆ ಸಿಕ್ಕಿತು. ಆಮೇಲೆ ಕೆಲಸಕ್ಕೆ ಹಾಜರಾಗಬೇಕು, ಇಲ್ಲವೇ ಬಿಡಬೇಕು. ರಾಜೀನಾಮೆ ಪತ್ರವನ್ನು ಬರೆದೇ ಇಟ್ಟಿದ್ದಳು. ಬೀರುವಿನಲ್ಲಿ, ಸೀರೆಗಳ ನಡುವೆ. ನಾನು ಬನಿಯನ್ ಹುಡುಕುವಾಗ ಸಿಕ್ಕಿತು. ಮತ್ತೆ ಅಲ್ಲೇ ಇಟ್ಟೆ.

ಪಾಠ ಮಾಡುವವನು ಮನೆಯಲ್ಲೇ ಇದ್ದೇನಲ್ಲ ಎಂದು ನನಗೆ ಒಳಗೊಳಗೇ ಹುರುಪು ಬಂದಿತ್ತು. ಅದನ್ನೂ ಬರೆಯಬೇಕು. ಕ್ಯಾಲೆಂಡರಿನ ಹಿಂಬದಿಯಲ್ಲಿ ಮೆದುಳು, ನರ, ಗ್ರಂಥಿ ಎಲ್ಲ ಬಿಡಿಸಿ ತೋರಿಸಿದೆ. ಭಯ ಬಂದಾಗ ಎದುರು ಕೂತು ಗಡಿಯಾರ ನೋಡುತ್ತ ಎಣಿಸಿದೆ: ನಾಲ್ಕು ಎಣಿಸುವವರೆಗೆ ಉಸಿರು ಒಳಗೆ, ಆರು ಎಣಿಸುವವರೆಗೆ ಹೊರಗೆ. ಕ್ರಮ ಸರಿಯಾದದ್ದೇ. ಆದರೆ ಅವಳ ಮುಖ ನೋಡಿ ನನಗೇ ಗಾಬರಿಯಾಗಿ ಎಣಿಕೆ ಓಡುತ್ತಿತ್ತು.

"ನೀವು ಓಡ್ತಾ ಇದ್ದೀರಿ," ಎಂದಳು ಒಂದು ಸಲ, ಏದುಸಿರಿನ ನಡುವೆಯೇ. "ನಾನು ನಿಮ್ಮ ಹಿಂದೆ ಓಡ್ಬೇಕಾ ಈಗ?"

ಹಾಗಿರುವಾಗ ಒಂದು ಮಧ್ಯಾಹ್ನ, ತಾನು ಕಾರು ಕಲಿಯುತ್ತೇನೆ, ಎರ್ಮಾಳಿನ ಒಬ್ಬರಿದ್ದಾರಂತೆ, ಎಂದಳು. ನಾನು ನಕ್ಕೆ.

"ಕೂತು ಹೋಗ್ಲಿಕ್ಕೇ ಆಗದವಳು ಓಡಿಸ್ತೀಯಾ?"

"ಓಡಿಸುವವರಿಗೆ ಬೇಕಾದಲ್ಲಿ ನಿಲ್ಲಿಸ್ಲಿಕ್ಕೂ ಆಗ್ತದಲ್ಲ," ಎಂದಳು.

ಮೊದಲ ಎರಡು-ಮೂರು ದಿನ ನಾನೂ ಹಿಂದಿನ ಸೀಟಿನಲ್ಲಿ ಕೂತು ಹೋದೆ. ಕಾವಲಿಗೆ ಅಂತ ನನ್ನ ಲೆಕ್ಕ. ಅವರು ಕಾಪುವಿನ ಕಡಲ ಬದಿಯ ರಸ್ತೆಗೆ ಕರೆದುಕೊಂಡು ಹೋಗಿ, ಹೆಂಡತಿಯನ್ನು ಸ್ಟಿಯರಿಂಗ್ ಮುಂದೆ ಕೂರಿಸಿ, ಕೀಲಿಯನ್ನು ತಮ್ಮ ಮಡಿಲಲ್ಲೇ ಇಟ್ಟುಕೊಂಡರು. ಗಾಡಿ ಸ್ಟಾರ್ಟ್ ಮಾಡಿಸಲೇ ಇಲ್ಲ.

"ಟೀಚರ್, ನಿಮಗೆ ಎಲ್ಲಿಂದ ಶುರು?"

"ಎಂತದ್ದು?"

"ಹೆದರಿಕೆ. ಕೆಲವರಿಗೆ ಅಂಗೈ ಒದ್ದೆ ಆಗ್ತದೆ. ಕೆಲವರಿಗೆ ಹೊಟ್ಟೆ. ಕೆಮ್ಮಣ್ಣು ಊರಿನಿಂದ ಒಬ್ರು ಬರ್ತಾರೆ, ಅವರಿಗೆ ಕಿವಿ. ಕಿವಿ ಬಿಸಿ ಆಯ್ತು ಅಂದ್ರೆ ಸಾಕು, ನಾನು ಗಾಡಿ ಸೈಡಿಗೆ ಹಾಕಿಸ್ತೇನೆ."

"ಎದೆ," ಎಂದೆ ನಾನು ಹಿಂದಿನಿಂದ. ವೈದ್ಯರಿಗೂ ಹಾಗೆಯೇ ಹೇಳಿದ್ದೆವು.

ಹೆಂಡತಿ ತುಂಬಾ ಹೊತ್ತು ಯೋಚನೆ ಮಾಡಿದಳು. ಕಡಲ ಕಡೆಯಿಂದ ಗಾಳಿ ಬಂದು ಕಾರು ಸ್ವಲ್ಪ ಅಲುಗಾಡಿದ್ದು ನೆನಪಿದೆ, ಅಥವಾ ಆಮೇಲೆ ಸೇರಿಸಿಕೊಂಡಿದ್ದೇನೆ.

"ಮೊಣಕಾಲಿನ ಹಿಂದೆ," ಎಂದಳು. "ಮೊದಲು ಅಲ್ಲಿ ತಣ್ಣಗಾಗ್ತದೆ. ಎದೆಗೆ ಆಮೇಲೆ ಬರ್ತದೆ."

"ಹಾಂ. ಹಾಗಾದ್ರೆ ನಮಗೆ ಟೈಮ್ ಉಂಟು," ಎಂದರು ಅವರು.

ಮದುವೆಯಾಗಿ ಹತ್ತೊಂಬತ್ತು ವರ್ಷ. ಮೊಣಕಾಲಿನ ಹಿಂಭಾಗದ ಸುದ್ದಿ ನನಗೆ ಬಂದಿರಲಿಲ್ಲ. ನಾನು ಕೇಳಿರಲಿಲ್ಲ ಎಂಬುದು ಆಗ ಹೊಳೆಯಲಿಲ್ಲ. ಅವಳು ಹೇಳಿರಲಿಲ್ಲ ಎಂಬುದು ಮಾತ್ರ ಹೊಳೆಯಿತು. ಆ ದಿನದಿಂದ ಅವಳು ಅವರ ಪಾಲಿಗೆ "ಮೊಣಕಾಲು ಟೀಚರ್". ಉಳಿದವರಿಗೂ ಹೀಗೆಯೇ ಹೆಸರುಗಳಿದ್ದವು. ಅಂಗೈ ನರ್ಸು, ಹೊಟ್ಟೆ ಮೇಡಂ. ಯಾರೂ ಬೇಜಾರು ಮಾಡಿಕೊಂಡದ್ದು ಕೇಳಿಲ್ಲ. ನನಗೂ ಒಂದು ಹೆಸರು ಇಟ್ಟಿರಬಹುದು ಎಂದು ಹೆಂಡತಿಯ ಹತ್ತಿರ ಕೇಳಿದೆ. "ನಿಮ್ಮ ಬಗ್ಗೆ ಮಾತಾಡ್ಲಿಕ್ಕೆ ಟೈಮ್ ಎಲ್ಲಿ ಮಾರಾಯ್ರೇ" ಎಂದಳು.

ಗಾಡಿ ಹೊರಟ ಮೇಲೆ ಅವರದು ಒಂದೇ ನಿಯಮ. ಬಾಯಿ ನಡೆಯುತ್ತಿದ್ದರೆ ಮಾತ್ರ ಗಾಡಿ ನಡೆಯಬೇಕು. ಕಣ್ಣಿಗೆ ಕಂಡದ್ದನ್ನೆಲ್ಲ ಜೋರಾಗಿ ಹೇಳುತ್ತ ಹೋಗಬೇಕು. ಬಾಯಿ ನಿಂತರೆ ಅವರು ತಮ್ಮ ಕಡೆಯ ಬ್ರೇಕನ್ನು ಮೆಲ್ಲಗೆ ಒತ್ತಿಬಿಡುತ್ತಿದ್ದರು.

"ಎಡಗಡೆ ತೆಂಗಿನ ಮರ. ಬಲಗಡೆ ಬಲೆ ಒಣಗ್ಲಿಕ್ಕೆ ಹಾಕಿದ್ದಾರೆ. ಎದುರು ಒಂದು ಸೈಕಲ್. ಸೈಕಲ್ಲಿನವರು ಫೋನಲ್ಲಿ ಮಾತಾಡ್ತಿದ್ದಾರೆ. ಒಂದು ನಾಯಿ... ನಾಯಿ..."

"ನಾಯಿ ಎಂತ ಮಾಡ್ತದೆ?"

"ಮಲಗಿದೆ."

"ಹಾಗಾದ್ರೆ ಅದಕ್ಕೆ ಹೆದರಿಕೆ ಇಲ್ಲ. ಮುಂದೆ ಹೇಳಿ."

ನನ್ನ ಹೆಂಡತಿ ಮನೆಯಲ್ಲಿ ಅಷ್ಟು ಮಾತಾಡುವವಳಲ್ಲ. ಆ ರಸ್ತೆಯಲ್ಲಿ ಅವಳ ಸ್ವರ ಕೇಳುತ್ತ ನಾನು ಹಿಂದೆ ಕೂತಿದ್ದೆ. ಎರಡನೆಯ ದಿನ ಅದರ ಒಳಗುಟ್ಟು ಹೊಳೆಯಿತು. ಮಾತಾಡಬೇಕಾದರೆ ಉಸಿರನ್ನು ಉದ್ದಕ್ಕೆ ಹೊರಗೆ ಬಿಡಲೇಬೇಕು. ಏದುಸಿರು ಬಿಡುತ್ತ ವಾಕ್ಯ ಹೇಳಲು ಆಗುವುದಿಲ್ಲ. ಉಸಿರು ಉದ್ದವಾಗಿ ಹೊರಗೆ ಹೋದಾಗ ಎದೆ ಬಡಿತ ಇಳಿಯುತ್ತದೆ. ಮೇಲಾಗಿ ಗಮನವು ಎದೆಯ ಬಡಿತವನ್ನು ಬಿಟ್ಟು ಹೊರಗಿನ ಸೈಕಲ್ಲಿನ ಮೇಲೆ ನಿಲ್ಲುತ್ತದೆ. ನಾನು ನಾಲ್ಕು, ಆರು ಎಂದು ಗಡಿಯಾರ ಹಿಡಿದು ಮಾಡಿಸಲಾಗದ್ದನ್ನು ಇವರು ನಾಯಿ, ಬಲೆ, ತೆಂಗಿನಮರದಿಂದ ಮಾಡಿಸುತ್ತಿದ್ದರು. ಸುಮ್ಮನಿರಲಾಗದೆ ಇದನ್ನೆಲ್ಲ ಹಿಂದಿನ ಸೀಟಿನಿಂದ ವಿವರಿಸಿದೆ. ಕಾರು ನಿಂತಿತು.

"ಸರ್," ಎಂದರು ಅವರು ತಿರುಗದೆ. "ನೀವು ಹೇಳುವುದು ಸರಿ ಇರಬಹುದು. ಆದ್ರೆ ನಿಮ್ಮ ಮಾತು ಕೇಳಿ ಟೀಚರ ಬಾಯಿ ನಿಂತಿತು. ಬಾಯಿ ನಿಂತದ್ದಕ್ಕೆ ಗಾಡಿ ನಿಂತಿತು. ಹಿಂದೆ ನೋಡಿ, ರಿಕ್ಷಾದವ ಬೈತಿದ್ದಾನೆ."

ಮರುದಿನದಿಂದ ನಾನು ಹೋಗಲಿಲ್ಲ. ಅವರೇ ಬರಬೇಡಿ ಎಂದರು ಎಂಬುದು ನನ್ನ ನೆನಪು. ಕಾಲೇಜಿನಲ್ಲಿ ಕೆಲಸವಿದೆ ಎಂದು ನೀವೇ ಹೇಳಿದಿರಿ ಎಂಬುದು ಹೆಂಡತಿಯ ನೆನಪು. ಅವಳದೇ ಸರಿ ಇದ್ದೀತು. ಆದರೆ ಹೊರಗೆ ಹಾಕಿಸಿಕೊಂಡ ಹಾಗೆ ಅನಿಸಿದ್ದಂತೂ ನಿಜ, ಅದನ್ನು ಯಾರ ನೆನಪೂ ತಿದ್ದಲಾರದು.

ಅವರಲ್ಲಿ ತಪ್ಪು ಹುಡುಕಲು ಹಿಡಿದೆ. ದಿನಾ ಹೆಂಡತಿ ಬಂದು ಹೇಳುವುದನ್ನು ಆ ಕಿವಿಯಿಂದಲೇ ಕೇಳುತ್ತಿದ್ದೆ. ಕಲಿಯಲು ಬಂದ ಒಬ್ಬರು ಲಾರಿಗೆ ತಾಗುವುದರಿಂದ ಕೂದಲೆಳೆಯಲ್ಲಿ ತಪ್ಪಿಸಿಕೊಂಡು ಗಡಗಡ ನಡುಗುತ್ತಿದ್ದರಂತೆ. ಇವರು ಸಮಾಧಾನ ಮಾಡಲಿಲ್ಲವಂತೆ. ನನಗೆ ಖುಷಿಯಾಯಿತು, ಇಲ್ಲಿ ಸಿಕ್ಕಿದರು ಎಂದುಕೊಂಡೆ. "ಮತ್ತೆ ಎಂತ ಹೇಳಿದ್ರು?" ಎಂದೆ. "ನಡುಗಲಿ ಬಿಡಿ ಅಂದ್ರು. ಎಂಜಿನ್ ಬಂದ್ ಮಾಡಿದ ಮೇಲೂ ಫ್ಯಾನ್ ಸ್ವಲ್ಪ ಹೊತ್ತು ತಿರುಗ್ತದೆ ಅಲ್ವಾ, ಹಾಗೆ ಅಂದ್ರು." ಅಪಾಯ ಕಳೆದ ಮೇಲೂ ಅಡ್ರಿನಲಿನ್ ತಕ್ಷಣ ಖಾಲಿಯಾಗುವುದಿಲ್ಲ, ಅದು ಇಳಿಯಲು ಸಮಯ ಬೇಕು, ಎಂದು ನಾನು ಬೋರ್ಡಿನ ಮೇಲೆ ಗೆರೆ ಎಳೆದು ಕಲಿಸುತ್ತೇನೆ. ಫ್ಯಾನು ನನಗೆ ಯಾಕೆ ಹೊಳೆದಿರಲಿಲ್ಲ? ನಮ್ಮ ಕಾರಿಗೂ ಫ್ಯಾನ್ ಇದೆ.

ಅವರ ಇನ್ನೊಂದು ಮಾತು: "ಹೆದರಿಕೆ ಇಲ್ಲದವರಿಗೆ ನಾನು ಕಲಿಸುವುದಿಲ್ಲ. ಅವರು ಬೇಕಾದ್ರೆ ಎಕ್ಸ್‌ಪ್ರೆಸ್ ಬಸ್ಸು ಓಡಿಸ್ಲಿ."

ಕೊನೆಗೆ ಒಂದು ಶನಿವಾರ ನಾನೊಬ್ಬನೇ ಕಾಪುವಿಗೆ ಹೋದೆ. ಹೆಂಡತಿಯ ಪ್ರಗತಿ ವಿಚಾರಿಸುವುದು ನೆಪ. ಇವರಿಗೆ ನಿಜವಾಗಿ ಎಷ್ಟು ಗೊತ್ತಿದೆ ಎಂದು ನೋಡಬೇಕಿತ್ತು. ಅವರು ಮುಂದಿನ ಪಾಠದವರಿಗಾಗಿ ಕಾಯುತ್ತ ದಂಡೆಯ ಕಟ್ಟೆಯ ಮೇಲೆ ಕೂತು ಎಳನೀರಿನ ಬೊಂಡ ಕುಡಿಯುತ್ತಿದ್ದರು. ನನಗೂ ಒಂದು ಕೆತ್ತಿಸಿದರು.

"ಅಡ್ರಿನಲಿನ್ ಅಂತ ಕೇಳಿದ್ದೀರಾ?" ಎಂದೆ.

"ಹೆಸರು ಕೇಳಿದ್ದೇನೆ. ಎಲ್ಲಿಂದ ಬರ್ತದೆ ಅದು?"

"ಕಿಡ್ನಿಯ ಮೇಲೆ ಎರಡು ಸಣ್ಣ ಗ್ರಂಥಿಗಳು ಉಂಟು. ಟೊಪ್ಪಿ ಇಟ್ಟ ಹಾಗೆ."

ಅವರು ಬೊಂಡವನ್ನು ಕೆಳಗಿಟ್ಟು, ಎರಡೂ ಕೈಗಳನ್ನು ಬೆನ್ನಿನ ಹಿಂದೆ ಒಯ್ದು, ಪಕ್ಕೆಲುಬುಗಳ ಕೆಳಗೆ ಹುಡುಕುವ ಹಾಗೆ ಒತ್ತಿ ನೋಡಿದರು.

"ಇಷ್ಟು ಒಳಗಾ?"

"ಹೌದು."

"ಪಾಪ. ಅಲ್ಲಿಂದ ಅದಕ್ಕೆ ಎಂತ ಕಾಣ್ತದೆ ಸರ್? ಕತ್ತಲೆ. ಮೇಲಿಂದ ಯಾರೋ ಬಂತು ಬಂತು ಅಂತ ಬೊಬ್ಬೆ ಹಾಕಿದ್ರೆ ಅದು ನಂಬ್ಲೇಬೇಕು. ಬಂದದ್ದು ಹುಲಿಯಾ ಸೈಕಲ್ಲಾ ಅಂತ ಅದಕ್ಕೆ ಯಾರು ಹೇಳುವುದು? ನಾವೇ ಬಾಯಿಬಿಟ್ಟು ಹೇಳ್ಬೇಕಲ್ಲ."

ನಾನು ಬೊಂಡ ಕುಡಿದೆ. ಬೇರೆ ಏನು ಮಾಡುವುದು? ಸೋಮವಾರ ತರಗತಿಯಲ್ಲಿ ಅದೇ ಮಾತನ್ನು ಅದೇ ಕ್ರಮದಲ್ಲಿ ಹೇಳಿದೆ. ಕೈಗಳನ್ನು ಬೆನ್ನಿನ ಹಿಂದೆ ಒಯ್ಯುವುದನ್ನೂ ಬಿಡಲಿಲ್ಲ. ಹಿಂದಿನ ಬೆಂಚಿನವರೂ ಬರೆದುಕೊಂಡರು. ಒಬ್ಬಳು, "ಸರ್, ಇದು ಯಾವ ಪುಸ್ತಕದಲ್ಲಿ ಉಂಟು?" ಎಂದು ಕೇಳಿದಳು. "ಪುಸ್ತಕ ಅಲ್ಲ, ಅನುಭವ," ಎಂದೆ. ಯಾರ ಅನುಭವ ಎಂದು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಈಗಲೂ ವರ್ಷಕ್ಕೊಮ್ಮೆ ಆ ಪಾಠ ಮಾಡುತ್ತೇನೆ. ಈಗಲೂ ಹೇಳುವುದಿಲ್ಲ.

ಲೈಸೆನ್ಸ್ ಟೆಸ್ಟಿನಲ್ಲಿ ಹೆಂಡತಿ ಎರಡನೆಯ ಸಲಕ್ಕೆ ಪಾಸಾದಳು. ಮೈದಾನದಿಂದಲೇ ಫೋನ್ ಮಾಡಿದಳು. ದನಿಯಲ್ಲಿ ಆಗಲೇ ಒಂದು ಸಲ ಸಂತೋಷಪಟ್ಟು ಮುಗಿದ ತಂಪು ಇತ್ತು. ಮೊದಲ ಫೋನು ಅವರಿಗೆ ಹೋಗಿತ್ತು, ನನ್ನದು ಎರಡನೆಯದು.

ದಸರಾ ರಜೆ ಮುಗಿದ ಸೋಮವಾರ ಅವಳು ಕಾರ್ಕಳಕ್ಕೆ ಹಾಜರಾಗಬೇಕಿತ್ತು. ಹಿಂದಿನ ದಿನ ಅವರು ಮನೆಗೆ ಬಂದಿದ್ದರು. ನಾಳೆ ನಾನು ಪಕ್ಕದಲ್ಲಿ ಕೂತು ಹೋಗುತ್ತೇನೆ ಎಂದೆ.

"ಬೇಡ ಸರ್. ನೀವು ಕೂತರೆ ಟೀಚರ್ ನಿಮ್ಮ ಮುಖ ನೋಡ್ತಾರೆ, ರಸ್ತೆ ನೋಡೋದಿಲ್ಲ."

"ಮತ್ತೆ ನೀವು ಕೂರ್ತೀರಾ?"

"ನಾನು ಸಹ ಇಲ್ಲ. ನಾಡಿದ್ದು ಯಾರು ಕೂರ್ತಾರೆ? ಆಚೆ ನಾಡಿದ್ದು?"

ಹೆಂಡತಿ ಚಾ ತಂದಿಟ್ಟು ನಿಂತೇ ಹೇಳಿದಳು: "ನಾಳೆ ತಲುಪಿದ್ರೆ ತಲುಪಿದೆ. ಅರ್ಧದಿಂದ ವಾಪಸ್ ಬಂದ್ರೆ ಪತ್ರ ಕೊಡ್ತೇನೆ. ಇನ್ನೊಂದು ಸಲ ಅಂತ ಇಲ್ಲ. ನನಗೆ ಸಾಕಾಗಿದೆ."

ಸೋಮವಾರ ಅವಳು ನಮ್ಮ ಕಾರು ತೆಗೆದು ಹೊರಟಳು. ಗೇಟಿನಲ್ಲೇ ಬಾಯಿ ಶುರುವಾಗಿತ್ತು. ಗಾಜಿನ ಹಿಂದೆ ತುಟಿ ಅಲುಗುವುದು ಕಂಡಿತು. ಕಾಲೇಜಿಗೆ ಹೋಗುತ್ತೇನೆ ಎಂದಿದ್ದ ನಾನು ರಿಕ್ಷಾ ಹಿಡಿದು ಬಸ್ ಸ್ಟ್ಯಾಂಡಿಗೆ ಹೋದೆ. ಕಾರ್ಕಳದ ಎಕ್ಸ್‌ಪ್ರೆಸ್ ಹೊರಡುತ್ತಿತ್ತು. ಹಿಂದಿನ ಬಾಗಿಲಿನಿಂದ ಹತ್ತಿ ಕೂತೆ. ಅವಳು ನಿಧಾನ ಹೋಗುತ್ತಾಳೆ, ದಾರಿಯಲ್ಲಿ ಸಿಕ್ಕೇ ಸಿಗುತ್ತಾಳೆ, ಎಲ್ಲಾದರೂ ಬದಿಗೆ ನಿಂತಿದ್ದರೆ ಇಳಿದುಬಿಡಬೇಕು ಎಂದು ಲೆಕ್ಕ ಹಾಕಿದ್ದೆ.

ಪರ್ಕಳ ದಾಟಿದ ಮೇಲೆ ನೋಡಿದೆ. ಡ್ರೈವರನ ಹಿಂದಿನ ಸೀಟಿನಲ್ಲಿ ಸೀರೆಯ ಮೇಲೆ ತುಂಬುತೋಳಿನ ಅಂಗಿ.

ಅವರು ನನ್ನನ್ನು ನೋಡಿರಲಿಲ್ಲ. ರಸ್ತೆಯನ್ನೇ ನೋಡುತ್ತಿದ್ದರು. ನನಗೆ ಮೊದಲು ಬಂದದ್ದು ಆಶ್ಚರ್ಯವಲ್ಲ, ಸಿಟ್ಟು. ನನ್ನ ಹೆಂಡತಿಯ ಹಿಂದೆ ಕದ್ದು ಹೋಗುವುದಕ್ಕೆ ಇವರು ಯಾರು? ಹಿರಿಯಡಕದಲ್ಲಿ ಅವರ ಪಕ್ಕದಲ್ಲಿ ಕೂತಿದ್ದ ಹೆಂಗಸು ಇಳಿದಳು. ಸೀಟು ಖಾಲಿಯಾಯಿತು. ನಾನು ನಾಲ್ಕು ಸೀಟು ಹಿಂದೆ ಇದ್ದೆ.

ಬೈಲೂರಿಗಿಂತ ಮೊದಲಿನ ಒಂದು ಏರಿನಲ್ಲಿ ಬಸ್ಸು ಗಕ್ಕನೆ ನಿಂತಿತು. ಮುಂದೆ ನಮ್ಮ ಕಾರು. ಏರಿನ ನಡುವೆ ಎಂಜಿನ್ ಬಂದ್ ಬಿದ್ದಿತ್ತು. ಎದುರಿನಿಂದ ಲಾರಿಗಳ ಸಾಲು ಬರುತ್ತಿದ್ದುದರಿಂದ ಬಸ್ಸು ದಾಟಿ ಹೋಗುವಂತಿಲ್ಲ. ಡ್ರೈವರ್ ಹಾರ್ನಿನ ಮೇಲೆ ಕೈ ಇಟ್ಟವನು ತೆಗೆಯಲಿಲ್ಲ.

"ಎಂತ ಮಾರಾಯ್ರೇ, ಚಾ ಕುಡೀಲಿಕ್ಕೆ ನಿಲ್ಲಿಸಿದ್ದಾ ಅವರು?" ಎಂದ ಕಂಡಕ್ಟರ್, ಬಾಗಿಲಲ್ಲಿ ಜೋತು ನೋಡುತ್ತ. "ಲೇಡಿ ಅಣ್ಣಾ. ಇನ್ನು ಆಯ್ತು, ಇಲ್ಲೇ ಊಟ."

ಯಾರೋ ನಕ್ಕರು. ಕಾರು ಸ್ಟಾರ್ಟ್ ಆಯಿತು, ಹಿಂದಕ್ಕೆ ಒಂದು ಗೇಣು ಜಾರಿತು, ಮತ್ತೆ ಬಂದ್ ಬಿತ್ತು. ಹಾರ್ನ್ ಇನ್ನೂ ಜೋರಾಯಿತು. ನನ್ನ ಅಂಗೈ ಒದ್ದೆಯಾಗಿತ್ತು, ಬಾಯಿ ಒಣಗಿತ್ತು; ಪಾಠದಲ್ಲಿ ಬರುವುದೆಲ್ಲ ಸಾಲಾಗಿ ಬಂತು. ಏಳಬೇಕೆಂದುಕೊಂಡು ಮುಂದೆ ನೋಡಿದೆ. ಅವರು ಎದುರಿನ ಕಂಬಿಯನ್ನು ಎರಡೂ ಕೈಗಳಿಂದ ಹಿಡಿದಿದ್ದರು. ಕೈಗಳು ಮೊಣಕೈವರೆಗೂ ನಡುಗುತ್ತಿದ್ದವು. ಬಲಗಾಲು ಬಸ್ಸಿನ ನೆಲವನ್ನು ಒತ್ತಿ ಒತ್ತಿ ತುಳಿಯುತ್ತಿತ್ತು, ಅಲ್ಲಿ ಇಲ್ಲದ ಬ್ರೇಕನ್ನು. ಮುಖ ಅರ್ಧ ಕಾಣುತ್ತಿತ್ತು. ಬಾಯಿ ಬಿಗಿದು ಮುಚ್ಚಿತ್ತು. ಅಷ್ಟು ಮಂದಿಯ ಬಾಯಿ ತೆರೆಸಿದವರ ತುಟಿ ಅಲುಗಲಿಲ್ಲ. ಹಾರ್ನ್ ಬೇಡ ಎಂದು ಡ್ರೈವರನಿಗೆ ಹೇಳಲೂ ಅವರಿಗೆ ಸ್ವರ ಬರಲಿಲ್ಲ.

ಆ ಹೊತ್ತಿಗೆ ಏನು ಮಾಡಬೇಕು ಎಂಬುದು ಆ ಇಡೀ ಬಸ್ಸಿನಲ್ಲಿ ನನ್ನೊಬ್ಬನಿಗೆ ಗೊತ್ತಿತ್ತು. ಹೋಗಿ ಪಕ್ಕದಲ್ಲಿ ಕೂರಬೇಕು. ಎದುರು ಕಾರು, ಕಾರಿನೊಳಗೆ ಟೀಚರ್, ಎಡಗಡೆ ಚರಂಡಿ ಉಂಟು ಆದರೆ ದೂರ ಉಂಟು, ಎಂದು ಮೆಲ್ಲಗೆ ಹೇಳಬೇಕು. ಅವರೂ ಹೇಳಲು ಶುರುಮಾಡುವವರೆಗೆ ಹೇಳಬೇಕು.

ನಾನು ಹೋಗಲಿಲ್ಲ. ಕೂತು ನೋಡಿದೆ. ಇದ್ದದ್ದು ಬರೆಯಬೇಕಲ್ಲ, ಇದು ಇದ್ದದ್ದು: ನನಗೆ ಹಿತವಾಯಿತು. ಇವರೂ ನಡುಗುತ್ತಾರೆ ಎಂದು.

ಮೂರನೆಯ ಸಲಕ್ಕೆ ಕಾರು ಏರಿತು. ಸ್ವಲ್ಪ ಮುಂದೆ ಅದು ಎಡಕ್ಕೆ ಸರಿದು ದಾರಿ ಬಿಟ್ಟಿತು. ಬಸ್ಸು ಬೊಬ್ಬೆ ಹೊಡೆಯುತ್ತ ದಾಟಿ ಹೋಗುವಾಗ ನಾನು ತಲೆ ತಗ್ಗಿಸಿಕೊಂಡೆ.

ಕಾರ್ಕಳದಲ್ಲಿ ಶಾಲೆಯ ಹತ್ತಿರದ ಸ್ಟಾಪಿನಲ್ಲಿ ಇಳಿದಾಗ ಅವರಿಗೆ ನಾನು ಕಂಡೆ. ಸ್ವಲ್ಪ ಹೊತ್ತು ನೋಡಿದರು. ರಸ್ತೆಯ ಆಚೆ ಒಂದು ಅಂಗಡಿಯ ಮರೆಯಲ್ಲಿ ಇಬ್ಬರೂ ನಿಂತೆವು. ಕಾಲು ಗಂಟೆಯಾಗಿರಬಹುದು. ನಮ್ಮ ಕಾರು ಬಂತು, ಸಿಗ್ನಲ್ ಹಾಕಿ ಶಾಲೆಯ ಗೇಟಿನೊಳಗೆ ತಿರುಗಿತು. ಅವರು ಅಂಗಡಿಯ ಮೆಟ್ಟಿಲಿನ ಮೇಲೆ ಕೂತುಬಿಟ್ಟರು.

"ಟೀಚರಿಗೆ ಹೇಳ್ಬೇಡಿ ಸರ್," ಎಂದರು. "ಒಬ್ಬರೇ ಬಂದದ್ದು ಅಂತ ಇರ್ಲಿ. ಒಬ್ಬರೇ ಬಂದದ್ದೇ ಅಲ್ವಾ?"

ಆಯಿತು ಎಂದೆ. ಎಲ್ಲರ ಹಿಂದೆಯೂ ಹೀಗೆ ಬರುತ್ತೀರಾ ಎಂದು ಕೇಳುವ ಆಸೆಯಾಯಿತು. ಎಲ್ಲರ ಹಿಂದೆ ಎಂದರೆ ನನಗೆ ಸಮಾಧಾನ. ನನ್ನ ಹೆಂಡತಿಯೊಬ್ಬಳ ಹಿಂದೆ ಎಂದರೆ ಇನ್ನಷ್ಟು ಉರಿ. ಕೇಳಲಿಲ್ಲ. ಅವರು ಮುಂದಿನ ಬಸ್ಸಿಗೆ ವಾಪಸ್ ಹೋದರು. ನಾನು ಅದರ ಮುಂದಿನದಕ್ಕೆ.

ಸಂಜೆ ಹೆಂಡತಿ ಕಾರು ನಿಲ್ಲಿಸಿ, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೇ ಒಳಗೆ ಬಂದಳು. "ಒಂದು ಹುಚ್ಚು ಬಸ್ಸು ಮಾರಾಯ್ರೇ! ಏರಲ್ಲಿ ನನ್ನ ಹಿಂದೆ ನಿಂತು ಹಾರ್ನೋ ಹಾರ್ನು. ಮೊಣಕಾಲು ಐಸಿನ ಹಾಗೆ. ನಾನು ಅದನ್ನೂ ಹೇಳ್ತಾ ಹೋದೆ. ಹಿಂದೆ ಬಸ್ಸು ಉಂಟು, ಹಾರ್ನ್ ಹಾಕ್ತದೆ, ಹಾಕ್ಲಿ, ಅದಕ್ಕೆ ಕೈಕಾಲು ಇಲ್ಲ, ಇಳಿದು ಬಂದು ಹೊಡೆಯೋದಿಲ್ಲ." ನಾನು ಹೊಸ ಸುದ್ದಿ ಕೇಳುವವನ ಹಾಗೆ ಕೇಳಿದೆ. ರಾಜೀನಾಮೆ ಪತ್ರವನ್ನು ಅವಳು ಯಾವಾಗ ಹರಿದಳೋ ಗೊತ್ತಿಲ್ಲ.

ಇದಾಗಿ ನಾಲ್ಕು ವರ್ಷ. ಅವಳಿಗೆ ಹೆದರಿಕೆ ಬರುವುದೇ ಇಲ್ಲ ಎಂದೇನಲ್ಲ. ಬಂದರೆ ಬದಿಗೆ ನಿಲ್ಲಿಸಿ, ಸುತ್ತಲಿನದನ್ನು ಹೇಳಿ, ನಡುಕ ಇಳಿದ ಮೇಲೆ ಹೊರಡುತ್ತಾಳೆ. ಆ ಬಸ್ಸಿನ ವಿಷಯವನ್ನು ನಾನು ಹೇಳಿರಲಿಲ್ಲ. ಕೊಟ್ಟ ಮಾತು ಉಳಿಸಿಕೊಂಡೆ ಎಂದರೆ ಸುಳ್ಳಾಗುತ್ತದೆ. ಅವರ ಬಗ್ಗೆ ಅವಳಿಗೆ ಗೊತ್ತಿಲ್ಲದ್ದು ನನ್ನ ಹತ್ತಿರ ಒಂದಾದರೂ ಇರಲಿ ಎಂದು ಇಟ್ಟುಕೊಂಡಿದ್ದೆ. ಊಟದ ನಡುವೆ ಆ ಹೆಸರು ಬಂದಾಗಲೆಲ್ಲ ಒಳಗೊಳಗೇ ತೆಗೆದು ನೋಡುತ್ತಿದ್ದೆ: ಕಂಬಿ ಹಿಡಿದ ಎರಡು ಕೈಗಳು. ಹೇಳಬೇಡಿ ಎಂದವರು ಅವರು, ಇದ್ದದ್ದು ಬರೆಯಿರಿ ಎಂದವಳು ಇವಳು. ಇಬ್ಬರಲ್ಲಿ ಒಬ್ಬರಿಗೆ ಮಾತು ತಪ್ಪಲೇಬೇಕಿತ್ತು.

ನಿನ್ನೆ ಇಷ್ಟನ್ನು ಬರೆದು ಅವಳ ಕೈಗೆ ಕೊಟ್ಟೆ. ಊಟದ ಮೇಜಿನಲ್ಲಿ ಕೂತು ಓದಿದಳು. ನಾನು ತಮಾಷೆ ಎಂದುಕೊಂಡು ಬರೆದಲ್ಲಿ ನಗಲಿಲ್ಲ. ಬಸ್ಸಿನ ಪುಟ ಬಂದಾಗ ನಿಧಾನವಾದಳು. ಹಿಂದಿನ ಹಾಳೆಗೆ ಹೋಗಿ ಮತ್ತೊಮ್ಮೆ ಓದಿದಳು. ಒಬ್ಬಳೇ ಹೋದೆ ಎಂದು ನಾಲ್ಕು ವರ್ಷ ನಂಬಿದ್ದೆನಲ್ಲ, ಇಬ್ಬರೂ ಸೇರಿ ಮೋಸ ಮಾಡಿದಿರಲ್ಲ, ಎಂದು ಕೇಳುತ್ತಾಳೆಂದು ಉತ್ತರ ತಯಾರು ಮಾಡಿಕೊಂಡು ಕೂತಿದ್ದೆ.

"ಪಕ್ಕದ ಸೀಟು ಖಾಲಿ ಇತ್ತಾ?" ಎಂದು ಕೇಳಿದಳು.

"ಹಿರಿಯಡಕದಿಂದ ಮುಂದೆ ಖಾಲಿ ಇತ್ತು."

"ಅವರ ಕೈ ನಡುಗುವುದು ನಿಮಗೆ ಕಾಣ್ತಿತ್ತಾ?"

"ಕಾಣ್ತಿತ್ತು."

ಅವಳು ಹಾಳೆಗಳನ್ನು ಜೋಡಿಸಿ ಮೇಜಿನ ಮೇಲಿಟ್ಟಳು. ನನ್ನ ಮುಖ ನೋಡಲಿಲ್ಲ.

"ಹೋಗಿ ಕೂತ್ಕೊಳ್ಬಹುದಿತ್ತಲ್ಲ ನೀವು," ಎಂದಳು.